ಭಾವನ ಪಂಜರ

ಪಂಜರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿಗೆ ಬರುವುದು ಗಿಳಿ. ಆ ಗಿಳಿಯ ಪರವಾಗಿ ನಮ್ಮ ಕವಿಗಳು ಸುರಿಸಿರುವ ಕಣ್ಣೀರಿಗೆ ಲೆಕ್ಕವಿಲ್ಲ. ದೇಹವನ್ನು ಪಂಜರಕ್ಕೂ ಜೀವವನ್ನು ಗಿಳಿಗೂ ಹೋಲಿಸುವ ಪರಿಯನ್ನು ನಾನೂ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ವಿವರಿಸುತ್ತೇನೆ, ಹುಡುಗರು ಆಕಳಿಸುತ್ತಾರೆ. ಆದರೆ ಅದೇ ಮಾತಿಗೆ ಇನ್ನೊಂದು ಮುಖವೂ ಉಂಟು. ಅಸ್ಥಿಪಂಜರವೊಂದು ಇಲ್ಲದಿದ್ದರೆ ನಾವು ನೀವೆಲ್ಲ ಹಿಟ್ಟಿನ ಮುದ್ದೆಯಂತೆ ಕುಸಿದು ಕೂರಬೇಕಾಗಿತ್ತು, ಅಲ್ಲವೆ? ಸೆರೆ ಹಿಡಿಯುವ ಪಂಜರ ಒಂದು, ಎತ್ತಿ ಹಿಡಿಯುವ ಪಂಜರ ಇನ್ನೊಂದು. ಈ ಎರಡನೆಯದರ ಪಾಠ ನನಗಾದದ್ದು ಗ್ರಂಥಾಲಯದಲ್ಲಲ್ಲ. ಹಾಸನದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ.

ನನ್ನ ಭಾವನವರದು ಸಕಲೇಶಪುರದ ಕಡೆ ಕಾಫಿ ತೋಟ. 1947ರಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಈಗ ಮಲೆನಾಡಿನಲ್ಲಿ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ ಯಾವ ಕಂಪನಿಯದೇ ಆಗಲಿ, ಜನರ ಬಾಯಲ್ಲಿ ಅದು ಜೀಪೇ. ಗೊಬ್ಬರ ಹೊರುವುದಕ್ಕೂ ಅದೇ, ನೆಂಟರ ಮದುವೆಗೂ ಅದೇ. ಆದರೆ ಭಾವನವರ ಬಳಿ ಹಳೆಯದೊಂದು ಜೀಪಿದೆ. ಮಳೆಗಾಲದಲ್ಲಿ ಕೆಸರಿನ ಗುಂಡಿಗೆ ಇಳಿಯುವುದು ಮತ್ತು ಮೇಲಕ್ಕೆ ಬರುವುದು, ಇವೆರಡನ್ನು ಬಿಟ್ಟು ಅದಕ್ಕೆ ಬೇರೆ ಉದ್ಯೋಗವಿಲ್ಲ. ಇದಕ್ಕೆ ಸ್ಪರ್ಧೆ, ಬಹುಮಾನ, ಚಪ್ಪಾಳೆ ಎಲ್ಲವೂ ಉಂಟು. ಹೋದ ವರ್ಷ ಇಂಥದೇ ಒಂದು ದಿಣ್ಣೆಯಲ್ಲಿ ಜೀಪು ವಾಲಿ ಒಂದು ಸುತ್ತು ಉರುಳಿತು. ಆಸನದ ಹಿಂದಿದ್ದ ಒಂಟಿ ಕಮಾನು ಭಾವನವರ ತಲೆಯನ್ನು ಉಳಿಸಿತು. ಆದರೆ ಮುಂಗಾಜಿನ ಚೌಕಟ್ಟು ಮಡಿಸಿಕೊಂಡು ಸ್ಟಿಯರಿಂಗಿನ ಮೇಲೆ ಕುಳಿತಿತು. ಬಲಗೈ ಎರಡು ಕಡೆ ಮುರಿಯಿತು.

ಕೈ ಕೂಡಿಕೊಂಡರೂ ಅಕ್ಕನ ಹೆದರಿಕೆ ಹೋಗಲಿಲ್ಲ. "ನೀನು ಎಂ.ಎ. ಓದಿದವನು. ನೂರು ಹುಡುಗರಿಗೆ ಬುದ್ಧಿ ಹೇಳುತ್ತೀಯ. ನಿನ್ನ ಭಾವನಿಗೂ ಒಂದಿಷ್ಟು ಹೇಳಬಾರದೆ?" ಎಂದಳು. ಭಾವಂದಿರಿಗೆ ಬುದ್ಧಿ ಹೇಳುವ ಸಂಪ್ರದಾಯ ನಮ್ಮ ಮನೆತನದಲ್ಲಿಲ್ಲ. ಆದರೂ ಊಟದ ಹೊತ್ತಿನಲ್ಲಿ ಮಾತು ತೆಗೆದೆ. ಭಾವ ಸಮಾಧಾನದಿಂದ ಕೇಳಿ, "ಆಟ ಬಿಡುವುದಿಲ್ಲ ಮಾರಾಯ. ಆದರೆ ಇನ್ನೊಮ್ಮೆ ಉರುಳಿದರೆ ಗಾಡಿ ಮಡಿಸಿಕೊಳ್ಳಬಾರದು, ಅಷ್ಟು ಮಾಡಿಸುತ್ತಿದ್ದೇನೆ. ಬಾ, ನೀನೇ ನೋಡು" ಎಂದರು. ದಸರಾ ರಜೆಯ ಮೂರು ದಿನಗಳು ಹೀಗೆ ಹಾಸನಕ್ಕೆ ಸಂದವು.

ಅಂಗಡಿಯ ಮೇಸ್ತ್ರಿ ಐವತ್ತು ದಾಟಿದವರು. ಅವರು ನನ್ನನ್ನು "ಮೇಷ್ಟ್ರೆ" ಎನ್ನುವರು, ನಾನು ಅವರನ್ನು "ಮೇಸ್ತ್ರಿಗಳೆ" ಎನ್ನುವೆನು. ನಡುವೆ ನಿಂತ ಕೆಲಸದ ಹುಡುಗ ಎರಡಕ್ಕೂ ಓಗೊಡುವನು. ಮೊದಲು ಬ್ಯಾಟರಿಯ ತಂತಿ ಕಳಚಿದರು; ವೆಲ್ಡಿಂಗಿನ ವಿದ್ಯುತ್ತು ಗಾಡಿಯ ತಂತಿಗಳಲ್ಲಿ ಹರಿಯಬಾರದು. ಪೆಟ್ರೋಲಿನ ಟ್ಯಾಂಕು ಇಳಿದು ದೂರ ಹೋಯಿತು. ಆಸನಗಳು ಹೊರಬಂದವು. ಕೊನೆಗೆ ಡ್ಯಾಷ್‌ಬೋರ್ಡನ್ನು ಬಿಚ್ಚಿ, ಅದರ ಸ್ಕ್ರೂಗಳನ್ನು ಒಂದು ತಟ್ಟೆಗೆ ಹಾಕಿದರು. ಮುಂದಿನಿಂದ ಅಷ್ಟು ನೀಟಾಗಿ ಕಾಣುತ್ತಿದ್ದ ಹಲಗೆಯ ಹಿಂದೆ ಮದುವೆಮನೆಯ ಉಗ್ರಾಣವೇ ಇತ್ತು: ಬಣ್ಣಬಣ್ಣದ ತಂತಿಗಳ ಕಟ್ಟುಗಳು, ವೇಗ ತೋರಿಸುವ ಮುಳ್ಳಿನ ಕೇಬಲ್ಲು, ಸ್ಟಿಯರಿಂಗಿನ ಕಂಬವನ್ನು ಹಿಡಿದ ಕಬ್ಬಿಣದ ಪಟ್ಟಿ. ಈ ಸಂದಣಿಯ ನಡುವೆ ಕೊಳವೆಗಳು ಹಾಯಬೇಕು.

"ಇಷ್ಟು ಕಷ್ಟವೇಕೆ? ಡ್ಯಾಷ್‌ಬೋರ್ಡಿನ ಮುಂದೆಯೇ ಇಳಿಸಿದರಾಗದೆ?" ಎಂದೆ.

"ಮುಂದೆ ಇಳಿಸಿದರೆ ಹತ್ತುವಾಗ ಇಳಿಯುವಾಗ ಕಾಲಿಗೆ ಅಡ್ಡ. ಗಾಡಿ ಎಗರಿದರೆ ಮಂಡಿ ಚಿಪ್ಪಿಗೇ ಪೆಟ್ಟು. ಗಾಜಿನ ಕಂಬಕ್ಕೆ ಒತ್ತಿಕೊಂಡು, ಡ್ಯಾಷಿನ ಹಿಂದೆ ಇಳಿದರೆ ಯಾರಿಗೂ ತಂಟೆಯಿಲ್ಲ" ಎಂದರು ಮೇಸ್ತ್ರಿ. ಎಡಬಲದಲ್ಲಿ ಒಂದೊಂದು ಕಾಲು, ಎರಡನ್ನೂ ಡ್ಯಾಷ್‌ಬೋರ್ಡಿನ ಹಿಂದೆಯೇ ಕೂಡಿಸುವ ಒಂದು ಅಡ್ಡ ಕೊಳವೆ. ಅಡ್ಡ ಕೊಳವೆಯಿಲ್ಲದಿದ್ದರೆ ಗಾಡಿ ಪಕ್ಕಕ್ಕೆ ಬಿದ್ದಾಗ ಎರಡು ಕಾಲುಗಳೂ ಒಂದೇ ಕಡೆಗೆ ಮಾಲುತ್ತವೆ. ದಪ್ಪ ತಂತಿಯೊಂದನ್ನು ಆ ಸಂದಿನಲ್ಲಿ ಬಾಗಿಸಿ ಬಾಗಿಸಿ, ಹೊರತೆಗೆದು, ಅದೇ ಆಕಾರಕ್ಕೆ ಕೊಳವೆಯನ್ನು ಬಗ್ಗಿಸಿದರು.

ಕೊಳವೆಯೆಂದರೆ ನಲ್ಲಿಯ ಪೈಪಲ್ಲ. ಮೋಟಾರು ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ಇದಕ್ಕೊಂದು ಶಾಸ್ತ್ರವನ್ನೇ ಬರೆದಿಟ್ಟಿದೆ. ಜೋಡಣೆಯ ಗೆರೆಯಿಲ್ಲದೆ ತಣ್ಣಗೆ ಎಳೆದ ಉಕ್ಕಾಗಿರಬೇಕು. ಆಸನದ ಹಿಂದಿನ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, ಉಳಿದ ಮುಖ್ಯ ಅಂಗಗಳಿಗೆ 38. ಗೋಡೆಯ ದಪ್ಪ ಎರಡಕ್ಕೂ ಎರಡೂವರೆ ಮಿಲಿಮೀಟರ್. ಬಾಗಿನ ತ್ರಿಜ್ಯ ವ್ಯಾಸದ ಮೂರರಷ್ಟಾದರೂ ಬೇಕು; ಎಂದರೆ 38ರ ಕೊಳವೆಗೆ 114. ಅದಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಕೊಳವೆ ಒಳಮಗ್ಗುಲಲ್ಲಿ ಸುಕ್ಕುಗಟ್ಟುತ್ತದೆ; ಹೊರೆ ಬಿದ್ದಾಗ ಮಡಿಯುವುದು ಅಲ್ಲಿಯೇ. ಕಾಲು ನೆಲದ ತಗಡನ್ನು ತೂರಿಕೊಂಡು ಹೋಗದಂತೆ ಅದರ ಬುಡದಲ್ಲಿ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರಿನ ತಟ್ಟೆ. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚುಕಡಮೆಯಾದರೆ ಕವಿ ಬದುಕಿಕೊಳ್ಳುತ್ತಾನೆ, ಇಲ್ಲಿ ಹಾಗಲ್ಲ.

ಎರಡನೆಯ ದಿನ ಸಂಜೆಗೆ ತಕರಾರು ಹುಟ್ಟಿತು. ಒಂದು ಕೊಳವೆಯ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು ಇನ್ನೊಂದಕ್ಕೆ ಕಚ್ಚಿಸಿ, ಸುತ್ತಲೂ ಬೆಸೆಯಬೇಕು. ಆದರೆ ಆ ಜಾಗದಲ್ಲಿ ಕೊಳವೆಯ ಹಿಂಬದಿ ಎಂಜಿನ್ನಿನ ಕಡೆಯ ತಗಡಿಗೆ ಎರಡು ಬೆರಳಿನಷ್ಟು ಹತ್ತಿರ. ವೆಲ್ಡಿಂಗಿನ ಕಡ್ಡಿ ಅಲ್ಲಿಗೆ ಹೋಗುವುದಿಲ್ಲ. ಮುಂದಿನ ಅರ್ಧ ಸುತ್ತಿಗೆ ಮಾತ್ರ ಬೆಸುಗೆ ಬಿದ್ದಿತ್ತು. ಕಾಲು ಮತ್ತು ಅಡ್ಡ ಕೊಳವೆಯನ್ನು ಒಟ್ಟಾಗಿ ಹೊರತೆಗೆದು, ನೆಲದ ಮೇಲಿಟ್ಟು, ಹಿಂಬದಿಯನ್ನೂ ಬೆಸೆದು ಮತ್ತೆ ಕೂರಿಸಬೇಕೆಂದರು ಮೇಸ್ತ್ರಿ. ಎಂದರೆ ಇನ್ನೊಂದು ದಿನ.

"ಅರ್ಧ ಹಿಡಿದಿದೆಯಲ್ಲ. ಡ್ಯಾಷ್ ಮುಚ್ಚಿದ ಮೇಲೆ ಯಾರಿಗೆ ಕಾಣುತ್ತದೆ?" ಎಂದರು ಭಾವ. ತೋಟದಲ್ಲಿ ಕೆಲಸ ಕಾದಿತ್ತು.

ಮೇಸ್ತ್ರಿ ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದರು. ಅಕ್ಕ ಹೇಳಬೇಕೆಂದಿದ್ದ ಬುದ್ಧಿಯನ್ನು ಹೇಳಲು ಇದೇ ಸಮಯವೆಂದು ನನಗನ್ನಿಸಿತು. "ಭಾವ, ನಿಮ್ಮ ಕೈ ಮುರಿದದ್ದು ಎರಡು ಕಡೆ. ಡಾಕ್ಟರು ಒಂದೇ ಕಡೆ ಕೂಡಿಸಿ, ಮೇಲೆ ಚರ್ಮ ಇದೆಯಲ್ಲ ಎಂದಿದ್ದರೆ ನೀವು ಒಪ್ಪುತ್ತಿದ್ದಿರಾ?" ಎಂದೆ. ಭಾವ ಒಂದು ಗಳಿಗೆ ಸುಮ್ಮನಿದ್ದು, ನಕ್ಕು, ತೋಟಕ್ಕೆ ಫೋನು ಮಾಡಿದರು.

ಮೂರನೆಯ ದಿನ ಅಕ್ಕನೇ ಬಂದಳು. ಹಿಂಬದಿಯ ಬೆಸುಗೆ ಮುಗಿದು, ಬಣ್ಣ ಒಣಗಿ, ತಂತಿಗಳು ಕೊಳವೆಗೆ ಉಜ್ಜಿ ಸವೆಯದಂತೆ ರಬ್ಬರಿನ ಹೊದಿಕೆ ತೊಟ್ಟಿದ್ದವು. ಡ್ಯಾಷ್‌ಬೋರ್ಡು ಇನ್ನೂ ಮುಚ್ಚಿರಲಿಲ್ಲ. ಅವಳು ಕೊಳವೆಯ ಮೇಲೆ ಕೈಯಿಟ್ಟು, "ಹಿಂದಿನ ಕಡೆಯೂ ಗಟ್ಟಿಯಾಗಿದೆಯೆ?" ಎಂದು ಕೇಳಿದಳು. ಮೇಸ್ತ್ರಿ ಗೋಡೆಯ ಮೊಳೆಯಲ್ಲಿದ್ದ ಕ್ಷೌರದ ಕನ್ನಡಿಯನ್ನು ತಂದು ಸಂದಿನಲ್ಲಿ ಹಿಡಿದರು. ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು.

"ಇದು ಮುಚ್ಚಿಹೋಗುವ ಜಾಗವಲ್ಲವೆ?"

"ಹೌದಮ್ಮ. ಆದರೆ ಉರುಳುವಾಗ ಗಾಡಿಗೆ ಹಿಂದೆ ಮುಂದೆ ಗೊತ್ತಾಗುವುದಿಲ್ಲ."

ಕನ್ನಡಿಯನ್ನು ಹಿಂದಕ್ಕೆ ಕೊಟ್ಟು ಅಕ್ಕ ಮತ್ತೆ ಪ್ರಶ್ನೆಗೆ ತೊಡಗಿದಳು. ಉಕ್ಕಿನ ಕೊಳವೆ ತಲೆಗೆ ಇಷ್ಟು ಹತ್ತಿರವಿದೆಯಲ್ಲ, ಅದೇ ಬಡಿದರೆ? ಮೇಸ್ತ್ರಿ ಒಪ್ಪಿಕೊಂಡರು: ತಲೆ ತಾಗುವ ಕಡೆ ಮೆತ್ತೆ ಕಟ್ಟಬೇಕು, ಹೆಲ್ಮೆಟ್ಟು, ಎದೆಯ ಪಟ್ಟಿ ಇಲ್ಲದೆ ಕೂರಲೇಬಾರದು, ಇಲ್ಲದಿದ್ದರೆ ಕಾಯಬೇಕಾದ ಪಂಜರವೇ ಕೊಲ್ಲುತ್ತದೆ. ಸಾರ್ವಜನಿಕ ರಸ್ತೆಯ ಮಾತು ಬೇರೆ. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡಿ. ಆದ್ದರಿಂದ ಈ ಜೀಪು ಲಾರಿಯ ಮೇಲೇರಿಯೇ ಮೈದಾನಕ್ಕೆ ಹೋಗಬೇಕು. ಅಕ್ಕ ಇವನ್ನೆಲ್ಲ ಒಂದೊಂದಾಗಿ ಭಾವನವರ ಬಾಯಿಂದ ಹೇಳಿಸಿ ಒಪ್ಪಿಸಿಕೊಂಡಳು.

ಡ್ಯಾಷ್‌ಬೋರ್ಡು ಮತ್ತೆ ಸ್ವಸ್ಥಾನಕ್ಕೆ ಬಂತು. ಎರಡು ಮೂಲೆಗಳಲ್ಲಿ ಕೊಳವೆಯ ಮೈ ಒಂದಿಷ್ಟು ಕಾಣುವುದು ಬಿಟ್ಟರೆ, ಮೂರು ದಿನದ ದುಡಿಮೆಯ ಗುರುತೇ ಇರಲಿಲ್ಲ. ಮುಂದಿನ ಮಳೆಗಾಲದ ಸ್ಪರ್ಧೆಗೆ ತಾನೂ ಬರುವೆನೆಂದು ಅಕ್ಕ ಹೇಳಿದ್ದಾಳೆ. ಆಟ ನೋಡುವ ಆಸೆಯಿಂದಲ್ಲ; ಹೊರಡುವ ಮುನ್ನ ಪಟ್ಟಿ ಬಿಗಿದಿದೆಯೆ ಎಂದು ತಾನೇ ಎಳೆದು ನೋಡುವುದಕ್ಕೆ.