ಕಾಗದದ ಮುಂದೆ ಬಂದೂಕು

ವೆಸ್ಟರ್ನ್ ಸಿನಿಮಾ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಕ್ಲಿಂಟ್ ಈಸ್ಟ್‌ವುಡ್, ಬಾಯಲ್ಲಿ ಚುಟ್ಟಾ, ಧೂಳೆಬ್ಬಿಸೋ ಕುದುರೆ. ಒಬ್ಬ ಕೆಟ್ಟವನಿರ್ತಾನೆ, ಕೊನೇಲಿ ಅವನನ್ನ ಹೊಡೆದುರುಳಿಸಿದ್ರೆ ಊರು ಉಳೀತು. 2016ರ ‘ಹೆಲ್ ಆರ್ ಹೈ ವಾಟರ್’ ನನ್ನನ್ನ ಹಿಡಿದು ಕೂರಿಸಿದ್ದು ಯಾಕಂದ್ರೆ, ಅಲ್ಲಿ ಹೊಡೆಯೋಕೆ ಅಂತ ಕೆಟ್ಟವನೇ ಕೈಗೆ ಸಿಗಲ್ಲ. ಖಳನಾಯಕ ಒಂದು ಬ್ಯಾಂಕು. ಬ್ಯಾಂಕಿಗೆ ಮುಖ ಇರಲ್ಲ, ಬ್ರಾಂಚ್ ಇರತ್ತೆ ಅಷ್ಟೇ.

ಟೇಲರ್ ಶೆರಿಡನ್ ಬರೆದು ಡೇವಿಡ್ ಮೆಕೆಂಜಿ ನಿರ್ದೇಶಿಸಿದ ಈ ಕಥೆ ನಡೆಯೋದು ಪಶ್ಚಿಮ ಟೆಕ್ಸಾಸ್‌ನ ಸೊರಗಿದ ಸಣ್ಣ ಊರುಗಳಲ್ಲಿ. ಟ್ಯಾನರ್ ಅಣ್ಣ, ಟೋಬಿ ತಮ್ಮ. ತೀರಿಹೋದ ತಾಯಿ ಜಮೀನಿನ ಮೇಲೆ ರಿವರ್ಸ್ ಮಾರ್ಟ್‌ಗೇಜ್ ಸಾಲ ತಗೊಂಡಿದ್ದಾಳೆ. ಆಕೆ ಸತ್ತ ಮೇಲೆ ಸಾಲ ಪೂರ್ತಿ ತೀರಬೇಕು, ಇಲ್ಲದಿದ್ರೆ ಜಮೀನು ಬ್ಯಾಂಕಿನ ಪಾಲು. ಕೊಟ್ಟಿದ್ದು ಬರೀ 25,000 ಡಾಲರ್. ಆ ನೆಲದಡಿ ಎಣ್ಣೆ ಸಿಕ್ಕಿದೆ. ಗಡುವಿಗೆ ಉಳಿದಿರೋದು ಕೆಲವೇ ದಿನ.

ಹಾಗಾಗಿ ಇಬ್ಬರೂ ಅದೇ ಬ್ಯಾಂಕಿನ ಬ್ರಾಂಚ್‌ಗಳಿಗೆ ನುಗ್ತಾರೆ. ಗುರುತು ಹಿಡಿಯೋಕಾಗದ ಚಿಲ್ಲರೆ ನೋಟು ಮಾತ್ರ ಮುಟ್ಟೋದು. ಕೆಲಸಕ್ಕೆ ಬಳಸಿದ ಕಾರನ್ನ ಗುಂಡಿ ತೋಡಿ ಹೂತುಹಾಕೋದು. ದುಡ್ಡನ್ನ ಒಕ್ಲಹೋಮಾದ ಕ್ಯಾಸಿನೋದಲ್ಲಿ ಚಿಪ್ಸ್ ಮಾಡಿ, ಅಲ್ಲಿಂದ ಚೆಕ್ ಮಾಡಿಸಿ, ಅದೇ ಬ್ಯಾಂಕಿಗೆ ಕಟ್ಟೋದು. ಕೊನೆಗೆ ಟೋಬಿ ಜಮೀನನ್ನ ಮಕ್ಕಳ ಹೆಸರಲ್ಲಿ ಟ್ರಸ್ಟ್ ಮಾಡಿ, ಅದರ ಉಸ್ತುವಾರಿಯನ್ನೂ ಅದೇ ಬ್ಯಾಂಕಿಗೆ ಕೊಡ್ತಾನೆ. ಇಂಥ ಗಿರಾಕಿಯನ್ನ ಪೊಲೀಸರಿಗೆ ಹಿಡಿದುಕೊಡೋಕೆ ಯಾವ ಬ್ಯಾಂಕಿಗೆ ಮನಸ್ಸು ಬರತ್ತೆ ಹೇಳಿ? ಬಂದೂಕು ಹಿಡಿದ ಅಣ್ಣ ಸಾಯ್ತಾನೆ. ಕಾಗದ ಓದಿಕೊಂಡ ತಮ್ಮ ಗೆಲ್ತಾನೆ.

ಅಪ್ಪನ ಪಹಣಿಯ 11ನೇ ಕಾಲಂನಲ್ಲಿ ಸಾಲದ ಮೊತ್ತ ನೋಡಿಕೊಂಡೇ ಬೆಳೆದ ನನ್ನಂಥವರಿಗೆ ಈ ಗೆಲುವು ಎಲ್ಲಿ ತಾಗತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಆದ್ರೆ ಅದಕ್ಕಿಂತ ಜೋರಾಗಿ ತಾಗಿದ್ದು ಕಥೆಗೆ ಸಂಬಂಧವೇ ಇಲ್ಲದ ಒಂದು ಪುಟ್ಟ ದೃಶ್ಯ. ಹುಲ್ಲುಗಾವಲಿಗೆ ಬೆಂಕಿ ಬಿದ್ದಿದೆ, ದನಗಾಹಿಗಳು ದನಗಳನ್ನ ರಸ್ತೆ ದಾಟಿಸ್ತಿದ್ದಾರೆ. ಈ ಕಾಲದಲ್ಲೂ ಬೆಂಕಿ ಮುಂದೆ ದನ ಅಟ್ಟಿಕೊಂಡು ಓಡ್ತಿದ್ದೀನಿ, ನನ್ನ ಮಕ್ಕಳು ಈ ಕೆಲಸ ಯಾಕೆ ಬೇಡ ಅಂತಾರೋ ಅಂತ ಒಬ್ಬ ಗೊಣಗ್ತಾನೆ. ಆ ಮಕ್ಕಳು ಯಾರು ಅಂತ ನಮಗೆ ಗೊತ್ತು. ಎಸಿ ರೂಮಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೀವಲ್ಲ.

ಹಾಗಂತ ಸಿನಿಮಾ ಟೋಬಿಯನ್ನ ದೇವರು ಮಾಡಲ್ಲ. ಬೆನ್ನಟ್ಟೋ ರೇಂಜರ್ ಮಾರ್ಕಸ್ (ಜೆಫ್ ಬ್ರಿಡ್ಜಸ್) ನಿವೃತ್ತಿಯ ಅಂಚಲ್ಲಿರೋ ಮುದುಕ. ಅವನ ಜೊತೆಗಾರ ಆಲ್ಬರ್ಟೊ ಅರ್ಧ ಕೊಮಾಂಚಿ. ಈ ನೆಲವೆಲ್ಲ ನಮ್ಮವರದಾಗಿತ್ತು, ಇವರ ಅಜ್ಜಂದಿರು ಕಿತ್ಕೊಂಡ್ರು, ಈಗ ಇವರಿಂದ ಅದು ಕಿತ್ಕೊಳ್ತಿದೆ ಅಂತ ಎದುರಿಗಿನ ಬ್ಯಾಂಕ್ ತೋರಿಸ್ತಾನೆ. ಅದುವರೆಗೆ ಯಾರ ಪರ ಇದ್ರಿ ಅನ್ನೋದು ಅಲ್ಲೇ ಸ್ವಲ್ಪ ಅಲುಗಾಡತ್ತೆ. ಆಮೇಲೆ ಟ್ಯಾನರ್‌ನ ಒಂದೇ ಗುಂಡಿಗೆ ಆಲ್ಬರ್ಟೊ ಹೋಗ್ತಾನೆ. ಅವನು ಯಾರ ಸಾಲಕ್ಕೂ ಜವಾಬ್ದಾರನಲ್ಲ.

ಕೊನೇಲಿ ನಿವೃತ್ತನಾದ ಮಾರ್ಕಸ್ ಟೋಬಿಯ ಜಗಲಿಗೆ ಬರ್ತಾನೆ. ಬಡತನ ತಲೆಮಾರಿನಿಂದ ತಲೆಮಾರಿಗೆ ದಾಟೋ ರೋಗ, ನನ್ನ ಮಕ್ಕಳಿಗೆ ಅದು ಬೇಡ ಅಂತಾನೆ ಟೋಬಿ. ಅವನು ಹೇಳೋದು ಸುಳ್ಳಲ್ಲ. ಎದುರು ಕೂತವನು ಸ್ನೇಹಿತನನ್ನ ಕಳ್ಕೊಂಡಿದ್ದೂ ಸುಳ್ಳಲ್ಲ. ಇಬ್ಬರ ನಡುವೆ ಲೆಕ್ಕ ಬಾಕಿ ಇದೆ, ಅದನ್ನ ಕಟ್ಟೋಕೆ ಯಾವ ಚೆಕ್ಕೂ ನಡೆಯಲ್ಲ. ಗುಂಡೂ ಹಾರಲ್ಲ.

ಗುಂಡು ಹಾರದೇ ಮುಗಿಯೋ ವೆಸ್ಟರ್ನ್‌ನಲ್ಲಿ ಏನಿದೆ ಅಂತ ಕೇಳಬೇಡಿ. ಒಂದು ಶನಿವಾರ ರಾತ್ರಿ ನೋಡಿ. ಆ ಜಗಲಿ ದೃಶ್ಯ ಬಂದಾಗ ಫೋನ್ ಪಕ್ಕಕ್ಕಿಡಿ.