ಗಾಳಿ ಕುಡಿಯುವ ಬುಗುರಿ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಗಾಳಿಗೆ ಬರವಿಲ್ಲ. ಮಳೆಗೆ ಬರವುಂಟು, ಕುಡಿಯುವ ನೀರಿಗೂ ಬರವುಂಟು. ಗಾಳಿ ಮಾತ್ರ ಕರೆಯದೆ ಬರುವ ಬೀಗರಂತೆ ಬಂದು, ಎರೆನೆಲದ ಹುಡಿಯನ್ನು ಪಡಸಾಲೆಯವರೆಗೂ ಹೊತ್ತು ತಂದು ಹಾಕುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳೂ ಎದ್ದು ನಿಂತಿವೆ. ಇಂಥ ಸೀಮೆಯ ಮುದುಕಿಯೊಬ್ಬಳು, ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ದುರಸ್ತಿಯಲ್ಲಿದ್ದ ಮೊಮ್ಮಗ ಜಾತ್ರೆಗೆಂದು ಊರಿಗೆ ಬಂದಾಗ, ಅವನ ಕೆಲಸವೇನೆಂದು ವಿಚಾರಿಸಿದಳು.

“ವಿಮಾನದಾಗ ನೀ ಏನ್ ನೋಡ್ತಿಯೋ ತಮ್ಮಾ?”

“ಗಾಳಿ ಎಳಿಯೂ ಪಂಪು ನೋಡ್ತೀನಿ, ಆಯಿ.”

“ಗಾಳ್ಯಾಗ ಹಾರೂದಕ್ಕ ಗಾಳಿ ಎಳಿಯೂ ಪಂಪು ಯಾಕ ಬೇಕಪಾ? ಸುತ್ತೆಲ್ಲಾ ಗಾಳೀನ ಅದ ಅಲ್ಲೇನು?”

ಮೊಮ್ಮಗ ನಕ್ಕುಬಿಟ್ಟನು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ.

ಮೋಡದ ಒಳಹೊಕ್ಕ ಹಾರಾಟಗಾರನಿಗೆ ನೆಲ ಕಾಣದು, ದಿಗಂತ ಕಾಣದು. ಸಮತೋಲವನ್ನು ಕಾಯುವ ಅಂಗವೊಂದು ಕಿವಿಯೊಳಗೆ ಇದೆಯಲ್ಲ ಎಂದರೆ, ಅದು ನೆಲದ ಮೇಲೆ ನಡೆಯುವ ಪ್ರಾಣಿಗೆ ತಕ್ಕದ್ದು. ವಿಮಾನ ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿ ತಿರುಗುತ್ತಿದ್ದರೂ ‘ನೆಟ್ಟಗೇ ಇದ್ದೇವೆ’ ಎಂದು ಅದು ಸುಳ್ಳು ಸಾಕ್ಷಿ ನುಡಿಯುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು, ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿಯ ಹೊರನೋಟವನ್ನು ಮರೆಮಾಡಿ ಪರೀಕ್ಷಿಸಿದರು. ಇಪ್ಪತ್ತು ಮಂದಿಯೂ ವಿಮಾನದ ಹಿಡಿತವನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು. ಬಿಸಿ ಚಹಾ ಆರುವಷ್ಟು ಹೊತ್ತೂ ಅಲ್ಲ.

ಈ ಕುರುಡಿಗೆ ಮನುಷ್ಯ ಕಂಡುಕೊಂಡ ಊರುಗೋಲೆಂದರೆ ಬುಗುರಿ. ವೇಗವಾಗಿ ಸುತ್ತುವ ಬುಗುರಿ ತನ್ನ ನಿಲುವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವೆಂಬುದು ಬೀದಿಯ ಹುಡುಗರಿಗೆಲ್ಲ ಗೊತ್ತು. ಆ ಹಟವನ್ನೇ ನಂಬಿ ಕೃತಕ ದಿಗಂತವೆಂಬ ಉಪಕರಣವನ್ನು ರಚಿಸಿದರು. ವಿಮಾನ ಎತ್ತ ವಾಲಿದರೂ ಒಳಗಿನ ಬುಗುರಿ ನೆಟ್ಟಗೆ ನಿಂತು, ನಿಜವಾದ ದಿಗಂತ ಎಲ್ಲಿದೆಯೆಂಬುದನ್ನು ಒಂದು ಗೆರೆಯಿಂದ ತೋರಿಸುತ್ತದೆ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಎಂಬಾತ ಮುಸುಕಿನೊಳಗೆ ಕುಳಿತು, ಹೊರಗನ್ನು ನೋಡದೆಯೇ ವಿಮಾನವನ್ನು ಏರಿಸಿ ಇಳಿಸಿದ್ದು ಇಂಥ ಉಪಕರಣಗಳ ಬಲದಿಂದ.

ಇನ್ನು ಬುಗುರಿಯನ್ನು ಸುತ್ತಿಸುವವರು ಯಾರು? ದಾರವಲ್ಲ, ಗಾಳಿ. ಎಂಜಿನ್ನಿಗೆ ಜೋಡಿಸಿದ ಪಂಪು ಉಪಕರಣದ ಪೆಟ್ಟಿಗೆಯಿಂದ ಗಾಳಿಯನ್ನು ಹೀರಿ ಹೊರಹಾಕುತ್ತದೆ. ಆ ತೆರವನ್ನು ತುಂಬಲು ಹೊರಗಿನ ಗಾಳಿ ಶೋಧಕದ ಮೂಲಕ ನುಗ್ಗಿ, ಬುಗುರಿಯ ಅಂಚಿನ ಕಚ್ಚುಗಳಿಗೆ ಬಡಿದು ಅದನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತದೆ. ಮುದುಕಿಯ ಪ್ರಶ್ನೆಗೆ ಇದೇ ಉತ್ತರ. ಸುತ್ತಲೂ ಗಾಳಿ ಇದ್ದರೆ ಸಾಲದು. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಬೇಕು.

ಸಣ್ಣ ವಿಮಾನ ಕನ್ನಡಿಗರಿಗೆ ಹೊಸತಲ್ಲ. ಬೆಂಗಳೂರಿನ ಹಿಂದುಸ್ಥಾನ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2, 1951ರ ಆಗಸ್ಟ್ 5ರಂದು ಮೊದಲು ಹಾರಿತು. 1958ರಲ್ಲಿ ಪುಷ್ಪಕ ಹಾರಿತು. ಜಕ್ಕೂರಿನ ಬಯಲಿನಲ್ಲಿ ಹಾರಾಟ ಕಲಿತವರು ಎಷ್ಟೋ ಮಂದಿ. ಆ ದಿನಗಳಲ್ಲಿ ಜಗತ್ತಿನ ಅನೇಕ ಸಣ್ಣ ವಿಮಾನಗಳ ಪಂಪುಗಳು ಎಂಜಿನ್ನಿನ ಎಣ್ಣೆಯಲ್ಲೇ ಮಿಂದು ಕೆಲಸ ಮಾಡುತ್ತಿದ್ದುವು. ವಿಮಾನದ ಹೊಟ್ಟೆಗೆಲ್ಲ ಎಣ್ಣೆ ಬಳಿದರೂ ಬಹುಕಾಲ ಬಾಳುತ್ತಿದ್ದುವು. 1960ರ ದಶಕದಲ್ಲಿ ಒಣ ಪಂಪು ಬಂದಿತು. ಅದರ ಅಲಗುಗಳು ಸೀಸದ ಕಡ್ಡಿಯೊಳಗಿನ ಕಪ್ಪು ವಸ್ತುವಿನ ಬಳಗದವು. ತಾವೇ ಸವೆದು, ಆ ಸವೆದ ಹುಡಿಯನ್ನೇ ಎಣ್ಣೆಯಾಗಿ ಮಾಡಿಕೊಂಡು ತಿರುಗುತ್ತವೆ. ನೋಡಲು ಅಚ್ಚುಕಟ್ಟು, ತೂಕ ಕಡಿಮೆ. ಆದರೆ ಹಳೆಯ ಪಂಪು ನರಳಿ ನರಳಿ ಸಾಯುತ್ತಿತ್ತು. ಇದು ಸಾಮಾನ್ಯವಾಗಿ ಸದ್ದಿಲ್ಲದೆ, ಒಂದೇ ಗಳಿಗೆಯಲ್ಲಿ ಸಾಯುತ್ತದೆ. ಅಲಗು ಒಡೆದು ಪಂಪು ಸಿಕ್ಕಿಬಿದ್ದರೆ, ಎಂಜಿನ್ನಿಗೆ ಕೇಡಾಗದಿರಲೆಂದು ನಡುವಣ ಕೀಲು ಬೇಕೆಂದೇ ಮುರಿಯುತ್ತದೆ. ಎಂಜಿನ್ ಎಂದಿನಂತೆ ಗುಡುಗುತ್ತಲೇ ಇರುತ್ತದೆ.

ಆದುದರಿಂದ ಇದರ ಪಾಲನೆಯೆಂದರೆ ಬಹುಮಟ್ಟಿಗೆ ಶುಚಿಯ ವ್ರತ. ಎಂಜಿನ್ನನ್ನು ತೊಳೆಯುವಾಗ ಪಂಪಿಗೆ ಮುಸುಕು ಕಟ್ಟಬೇಕು. ತೊಳೆಯುವ ದ್ರವವಾಗಲಿ ಎಣ್ಣೆಯಾಗಲಿ ಒಳಹೊಕ್ಕರೆ ಕಪ್ಪು ಹುಡಿ ಕೆಸರಾಗುತ್ತದೆ. ಕೈತಪ್ಪಿ ಕೆಳಗೆ ಬಿದ್ದ ಪಂಪನ್ನು ಹೊರಗೆ ಎಷ್ಟು ಚೆನ್ನಾಗಿ ಕಂಡರೂ ಜೋಡಿಸಲಾಗದು. ಹಳೆಯ ರಬ್ಬರು ಕೊಳವೆ ಒಳಗೊಳಗೇ ಉದುರುತ್ತದೆಯಾಗಿ ಅದನ್ನು ಬದಲಿಸಬೇಕು. ಸತ್ತ ಪಂಪನ್ನು ಬಿಚ್ಚಿ ಹೊಸದನ್ನು ಹಾಕುವ ಮೊದಲು ಕೊಳವೆಗಳಲ್ಲಿ ಉಳಿದ ಚೂರುಗಳನ್ನೆಲ್ಲ ಹೊರಹಾಕದಿದ್ದರೆ, ಹಳೆಯದರ ಮೂಳೆಯೇ ಹೊಸದರ ಗಂಟಲಿಗೆ ಸಿಕ್ಕುತ್ತದೆ. ಶೋಧಕಗಳ ಬದಲಾವಣೆಗೂ ರೂಢಿಯ ಲೆಕ್ಕವಿದೆ. ನಿಯಂತ್ರಕದ ಚಿಕ್ಕ ಶೋಧಕ ಸುಮಾರು 100 ಗಂಟೆಗೊಮ್ಮೆ, ನಡುವಣ ದೊಡ್ಡದು 500 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ. ರೋಣದ ಕಡೆಯಂಥ ಧೂಳಿನ ನೆಲದಲ್ಲಿ ಈ ಲೆಕ್ಕವನ್ನು ನಂಬಿ ಕೂಡಲಾಗದು. ವಿಮಾನದೊಳಗೆ ಸಿಗರೇಟು ಸೇದುತ್ತಿದ್ದ ಕಾಲದಲ್ಲಿ ಹೊಗೆಯ ಜಿಡ್ಡೂ ಶೋಧಕಕ್ಕೇ ಹೋಗಿ ಮೆತ್ತುತ್ತಿತ್ತು.

ಸೋಮಾರಿತನಕ್ಕೆ ಇಲ್ಲಿಯೂ ಒಂದು ಅಡ್ಡದಾರಿಯುಂಟು. ಎಳೆತವನ್ನು ತೋರಿಸುವ ಮುಳ್ಳು ಸಾಮಾನ್ಯವಾಗಿ 4.5ರಿಂದ 5.5 ಅಂಗುಲ ಪಾದರಸದ ನಡುವೆ ನಿಲ್ಲಬೇಕು. ಅನೇಕ ವಿಮಾನಗಳಲ್ಲಿ ದೊಡ್ಡ ಶೋಧಕ ಕಟ್ಟಿದರೆ ಅದು ಇಳಿಯುತ್ತದೆ. ಆಗ ಶೋಧಕವನ್ನು ನೋಡದೆ ನಿಯಂತ್ರಕದ ತಿರುಪನ್ನು ತುಸು ತಿರುವಿದರಾಯಿತು, ಮುಳ್ಳು ತನ್ನ ಸ್ಥಾನಕ್ಕೆ ಬಂದು ನಿಲ್ಲುತ್ತದೆ, ಕಾಗದದ ಮೇಲೆ ಎಲ್ಲವೂ ಸರಿ. ಒಳಗೆ ಪಂಪು ಮಾತ್ರ, ಮೂಗು ಕಟ್ಟಿದವನು ಓಡಿದಂತೆ, ಹೆಚ್ಚಿನ ಹೊರೆಯಲ್ಲಿ ಕಾದು ಸವೆಯುತ್ತದೆ. ಒಳ್ಳೆಯ ಕುಶಲಿ ತಿರುಪಿಗೆ ಕೈ ಹಚ್ಚುವುದು ಎಲ್ಲಕ್ಕೂ ಕೊನೆಯಲ್ಲಿ.

ಹೊಸ ವಿಮಾನಗಳಲ್ಲಿ ಬುಗುರಿಯ ಬದಲು ವಿದ್ಯುತ್ ಪರದೆಗಳು ಬಂದಿವೆ. ಆದರೆ ಗಾಳಿ ಕುಡಿಯುವ ಬುಗುರಿಗಳನ್ನು ಹೊತ್ತ ಹಳೆಯ ವಿಮಾನಗಳು ಇನ್ನೂ ಹಾರುತ್ತಿವೆ.

ಮೋಡದ ನಡುವೆ ಪಂಪು ನಿಂತಿತೆನ್ನೋಣ. ಬುಗುರಿ ಒಮ್ಮೆಗೇ ಬೀಳುವುದಿಲ್ಲ. ವೇಗ ಕುಗ್ಗುತ್ತ ಕೆಲವು ನಿಮಿಷ ತಿರುಗುತ್ತಲೇ ಇದ್ದು, ಗೆರೆಯನ್ನು ಕಂಡೂ ಕಾಣದಂತೆ ಓರೆ ಮಾಡುತ್ತದೆ. ಅದನ್ನು ನಂಬಿದ ಹಾರಾಟಗಾರ ನೆಟ್ಟಗಿದ್ದ ವಿಮಾನವನ್ನು ತಾನೇ ವಾಲಿಸುತ್ತಾನೆ. ಎಳೆತದ ಮುಳ್ಳು ಸೊನ್ನೆಗಿಳಿದುದನ್ನು ಕಂಡವನಿಗೆ ಮಾತ್ರ ಉಳಿವು. ಬಹಳಷ್ಟು ವಿಮಾನಗಳಲ್ಲಿ ತಿರುವನ್ನು ತೋರಿಸುವ ಉಪಕರಣ ವಿದ್ಯುತ್ತಿನಿಂದ ನಡೆಯುತ್ತದೆ; ಅದನ್ನೂ ವೇಗ, ಎತ್ತರಗಳ ಮುಳ್ಳುಗಳನ್ನೂ ನೋಡಿಕೊಂಡು ಆತ ಮೋಡದಿಂದ ಹೊರಬರಬಲ್ಲನು. ಅದಕ್ಕೂ ಮೊದಲು ಜೇಬಿನಿಂದ ಒಂದು ತುಂಡು ಕಾಗದವನ್ನು ತೆಗೆದು ಸತ್ತ ದಿಗಂತದ ಮುಖಕ್ಕೆ ಅಂಟಿಸುತ್ತಾನೆ. ಸುಳ್ಳೆಂದು ಗೊತ್ತಿದ್ದರೂ ಕಣ್ಣು ಮತ್ತೆ ಮತ್ತೆ ಅತ್ತಲೇ ಹೊರಳುತ್ತದೆ.