ಆ ಪ್ಲೇಟ್ ಎಷ್ಟು ಬಿಸಿ?

ಶ್ರೀನಿವಾಸಪುರ ಅಂದ್ರೆ ಮಾವು. ನಮ್ಮ ಕಡೆಯ ತೋತಾಪುರಿ ಲೋಡುಗಟ್ಟಲೆ ಗಡಿ ದಾಟಿ ಚಿತ್ತೂರು, ಕೃಷ್ಣಗಿರಿ ಕಡೆಯ ಪಲ್ಪ್ ಫ್ಯಾಕ್ಟರಿಗಳಿಗೆ ಹೋಗುತ್ತೆ. ರಸವನ್ನು ಇನ್ನೂ ಗಟ್ಟಿ ಮಾಡಬೇಕಾದರೆ ವ್ಯಾಕ್ಯೂಮ್‌ನಲ್ಲಿ ಕುದಿಸ್ತಾರೆ. ಪ್ರೆಶರ್ 0.2 ಬಾರ್‌ಗೆ ಇಳಿದ್ರೆ ನೀರು 60 ಡಿಗ್ರಿಗೇ ಕುದಿಯುತ್ತೆ. ಬಣ್ಣ, ರುಚಿ ಕೆಡಲ್ಲ.

ನಮ್ಮ ಮಾವ ಇಂಥ ಒಂದು ಇವಾಪೊರೇಟರ್ ನೋಡಿಕೊಳ್ತಾರೆ. ಮುಳಬಾಗಿಲಲ್ಲಿ ದೋಸೆ ತಿಂತಾ ಕೇಳಿದ್ರು: "ಏನಪ್ಪಾ ಇಂಜಿನಿಯರ್, ಶೆಲ್ಲಲ್ಲಿ ಸ್ಟೀಮ್ 90, ಟ್ಯೂಬಲ್ಲಿ ರಸ 60. ಟ್ಯೂಬ್‌ಗಳನ್ನ ಹಿಡ್ಕೊಂಡಿರೋ ದಪ್ಪ ಪ್ಲೇಟ್ ಎಷ್ಟು ಬಿಸಿ ಅಂತ ಲೆಕ್ಕ ಹಾಕ್ತೀರ?"

ಹೀಟ್ ಟ್ರಾನ್ಸ್‌ಫರ್ ನಮಗೆ ಮುಂದಿನ ವರ್ಷ. ಆದರೆ ಮಾವ ದಿನಾ ನಿಲ್ಲೋದು ಅದರ ಪಕ್ಕದಲ್ಲೇ. ಹಾಗಾಗಿ ಓದೋಕೆ ಕೂತೆ.

ಎರಡರಲ್ಲಿ ಹೆಚ್ಚಿನದನ್ನ ಹಾಕಿದ್ರೆ ಸೇಫ್ ಅನ್ನಿಸುತ್ತೆ. ಲೋಹದ ಬಲ ನೋಡೋಕೆ ಅದು ಸರಿ. ಬಿಸಿಯಾದಷ್ಟೂ ಸ್ಟೀಲ್‌ನ ಬಲ ಕಮ್ಮಿ. ಆದರೆ ಶೆಲ್ಲೂ ಟ್ಯೂಬೂ ಅದೇ ಪ್ಲೇಟ್‌ಗೆ ಸೇರಿಕೊಂಡಿವೆ. ಎರಡಕ್ಕೂ 90 ಅಂತ ಬರೆದ್ರೆ ವ್ಯತ್ಯಾಸ ಸೊನ್ನೆ, ಹಿಗ್ಗುವಿಕೆಯಿಂದ ಬರೋ ಸ್ಟ್ರೆಸ್ ಪೇಪರ್ ಮೇಲೆ ಮಾಯ!

ಕೆಲಸ ನಡೆಯುವಾಗ ಟ್ಯೂಬ್ 75ರಲ್ಲೂ ಇರಲ್ಲ. ಸ್ಟೀಮ್ ಸುಲಭವಾಗಿ ಶಾಖ ಕೊಡುತ್ತೆ, ಗಟ್ಟಿ ರಸ ಅಷ್ಟು ಸುಲಭವಾಗಿ ತಗೊಳ್ಳಲ್ಲ. ಅದಕ್ಕೇ ಟ್ಯೂಬ್ ಸ್ಟೀಮ್ ಕಡೆಗೆ ವಾಲುತ್ತೆ. ಶುರು ಮಾಡುವಾಗ ಕಥೆ ಬೇರೆ: ತೆಳು ಟ್ಯೂಬ್ ಬೇಗ ಕಾಯುತ್ತೆ, ದಪ್ಪ ಶೆಲ್ ನಿಧಾನ. ಆಗ 20 ಡಿಗ್ರಿ ವ್ಯತ್ಯಾಸ ಬಂದ್ರೆ 4 ಮೀಟರ್ ಸ್ಟೇನ್‌ಲೆಸ್ ಟ್ಯೂಬ್ ಸುಮಾರು 1.4 ಮಿಲಿಮೀಟರ್ ಹೆಚ್ಚು ಹಿಗ್ಗಬೇಕು. ಪೂರ್ತಿ ತಡೆದ್ರೆ ಸುಮಾರು 65 ಮೆಗಾಪ್ಯಾಸ್ಕಲ್ ಸ್ಟ್ರೆಸ್. ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಫಾರ್ಮುಲಾನೇ ಸಾಕು.

ಇನ್ನು ವ್ಯಾಕ್ಯೂಮ್. ಒಂದು ಕಡೆ ಪೂರ್ತಿ ವ್ಯಾಕ್ಯೂಮ್, ಇನ್ನೊಂದು ಕಡೆ ಹೊರಗಿನ ಗಾಳಿ ಅಂದ್ರೆ, ತೂತುಗಳನ್ನ ಬಿಟ್ಟು ಲೆಕ್ಕ ಹಾಕಿದ್ರೆ, 1 ಮೀಟರ್ ವ್ಯಾಸದ ಪ್ಲೇಟ್ ಮೇಲೆ ಸಮುದ್ರಮಟ್ಟದಲ್ಲಿ ಸುಮಾರು 8 ಟನ್ ಭಾರ. ಕೋಲಾರ ಸುಮಾರು 820 ಮೀಟರ್ ಎತ್ತರ, ಇಲ್ಲಿ 7ರ ಮೇಲೆ ಸ್ವಲ್ಪ. ಆದರೆ ಈ ಭಾರ ಬೀಳೋದು ಸ್ಟೀಮ್ ಬಿಡೋ ಮುಂಚೆ, ಲೋಹ ತಣ್ಣಗಿರುವಾಗ. 90 ಡಿಗ್ರಿ ಸ್ಟೀಮ್‌ನ ಪ್ರೆಶರೇ 0.7 ಬಾರ್, ಹಾಗಾಗಿ ಓಡುವಾಗ ಎರಡೂ ಕಡೆ ವ್ಯಾಕ್ಯೂಮ್, ನಡುವಿನ ವ್ಯತ್ಯಾಸ ಬರೀ 0.5.

ಅಂದ್ರೆ ಉತ್ತರ ಒಂದು ನಂಬರ್ ಅಲ್ಲ, ಒಟ್ಟಿಗೇ ಬರೋ ಪ್ರೆಶರ್ ಮತ್ತು ಬಿಸಿಯ ಜೋಡಿಗಳು. ಎ.ಎಸ್.ಎಂ.ಇ. ಕೋಡ್ ಕೂಡ ಶುರು, ನಿಲ್ಲಿಸೋದು, ತೊಳೆಯೋದು ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿ ಅನ್ನುತ್ತೆ.

ಮಾಲೂರು ಇಂಡಸ್ಟ್ರಿಯಲ್ ಏರಿಯಾಗೆ ಇಂಟರ್ನ್‌ಶಿಪ್‌ಗೆ ಹೋಗೋ ಗೆಳೆಯರೇ, ಮೊದಲು ಪಂಪಾ, ವ್ಯಾಕ್ಯೂಮಾ, ಸ್ಟೀಮಾ ಅಂತ ಆಪರೇಟರ್‌ನ ಕೇಳಿ. ಡಿಸೈನ್‌ಗೆ ಬೇಕಾದ ಜೋಡಿಗಳು ಆ ಉತ್ತರದಲ್ಲೇ ಇರುತ್ತೆ.